ಬಸ್ಕಿಗೂ ಒಂದು ಬಿಲ್ಲು

ಏಪ್ರಿಲ್ ಬಂತೆಂದರೆ ಬೆಂಗಳೂರಿನ ಬಡಾವಣೆಗಳಲ್ಲಿ ಎರಡು ಬಗೆಯ ಫ್ಲೆಕ್ಸುಗಳು ಮೇಲೇಳುತ್ತವೆ. ಒಂದು, ಮುಂದಿನ ಸಲವಾದರೂ ಟಿಕೆಟ್ ಸಿಕ್ಕೀತೆಂದು ಕಾದಿರುವವರ ಹುಟ್ಟುಹಬ್ಬದ್ದು. ಇನ್ನೊಂದು, ಶಾಲೆಗಳ ಅಡ್ಮಿಷನ್ನಿನದು. ಮೊದಲನೆಯದರಲ್ಲಿ ತಲೆ ದೊಡ್ಡದಾಗಿರುತ್ತದೆ, ಒಳಗೇನಿದೆ ಎಂದು ತೋರಿಸುವ ಧೈರ್ಯ ಯಾರೂ ಮಾಡುವುದಿಲ್ಲ. ಎರಡನೆಯದರಲ್ಲಿ ಮಗುವಿನ ತಲೆಯನ್ನು ನಡುವೆ ಸೀಳಿ ಒಳಗಿನದನ್ನೆಲ್ಲ ಬೀದಿಗೆ ಹರಡಿರುತ್ತಾರೆ. ಎಡಗಡೆ ನೀಲಿ, ಅದರೊಳಗೆ ಪೈ, ವರ್ಗಮೂಲ, ಒಂದು ಲ್ಯಾಪ್‌ಟಾಪು. ಬಲಗಡೆ ಗುಲಾಬಿ, ಅದರೊಳಗೆ ಚಿಟ್ಟೆ, ಗಿಟಾರು, ಒಂದು ಕಾಮನಬಿಲ್ಲು. ಕೆಳಗೆ ದಪ್ಪಕ್ಷರದಲ್ಲಿ 'ಬ್ರೇನ್ ಸೈನ್ಸ್ ಆಧಾರಿತ ಬ್ಲೆಂಡೆಡ್ ಮತ್ತು ಕೊಲಾಬೊರೇಟಿವ್ ಲರ್ನಿಂಗ್'. ಅದರ ಕೆಳಗೆ ಸಣ್ಣಕ್ಷರದಲ್ಲಿ 'ಜಿಪಿಎಸ್ ಇರುವ ವ್ಯಾನ್ ಸೌಲಭ್ಯವಿದೆ'.

ಈ ನೀಲಿ-ಗುಲಾಬಿ ತಲೆಗೆ ಒಬ್ಬ ದೊಡ್ಡ ವಿಜ್ಞಾನಿಯ ಹೆಸರು ತಗುಲಿಕೊಂಡಿದೆ: ರೋಜರ್ ಸ್ಪೆರಿ. ಮೂರ್ಛೆರೋಗ ಬೇರಾವುದಕ್ಕೂ ಬಗ್ಗದಿದ್ದಾಗ, ಮಿದುಳಿನ ಎರಡು ಅರ್ಧಗಳನ್ನು ಜೋಡಿಸುವ ನರಗಳ ಕಟ್ಟನ್ನೇ ಕತ್ತರಿಸಿದ್ದ ರೋಗಿಗಳನ್ನು ಅವರು ಪರೀಕ್ಷಿಸಿದರು. ಯಾವ ಅರ್ಧ ಯಾವ ಕೆಲಸದಲ್ಲಿ ಮುಂದು ಎಂದು ತೋರಿಸಿ 1981ರಲ್ಲಿ ನೊಬೆಲ್ ಪಡೆದರು. ಅಂದರೆ ಎಡ-ಬಲದ ಇಡೀ ಕಥೆ ಹುಟ್ಟಿದ್ದು ಕೊಂಡಿ ಕಡಿದ ತಲೆಗಳಿಂದ. ಕೊಂಡಿ ನೆಟ್ಟಗಿರುವ ನಮ್ಮ ನಿಮ್ಮ ಮಕ್ಕಳಲ್ಲಿ ಎಡಮಿದುಳಿನವರು, ಬಲಮಿದುಳಿನವರು ಎಂಬ ಜಾತಿಗಳಿಲ್ಲ ಎಂದು 2013ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್ ನೋಡಿ ಹೇಳಿದರು. ಜಾತಿ ಇಲ್ಲ ಎಂದು ಯಾರೋ ಹೇಳಿದ ಕೂಡಲೇ ಕೇಳಿಬಿಡುವ ಊರೇ ನಮ್ಮದು?

ಇಂಥ ಒಂದು ಶಾಲೆಯ ಪೋಷಕರ ಸಭೆಗೆ ಹೋಗಿದ್ದೆ. ನನ್ನ ತಂಗಿಯ ಮೊಮ್ಮಗ ಅಲ್ಲಿ ಮೂರನೇ ಕ್ಲಾಸು. ಅವನ ಅಪ್ಪ ಅಮ್ಮ ಇಬ್ಬರಿಗೂ ಅಂದು ಆಫೀಸಿನ ಕಾಲ್ ಇತ್ತು. ನನಗೆ ಯಾವ ಕಾಲ್ ಇರುವುದಿಲ್ಲ. ಎಸಿ ಹಾಲು, ಸಮೋಸ, ಕಾಗದದ ಲೋಟದಲ್ಲಿ ಕಾಫಿ. ಕಂಪನಿಯಿಂದ ಬಂದಿದ್ದ ಹುಡುಗ ಟೈ ಸರಿಮಾಡಿಕೊಂಡು ಪರದೆಯ ಮೇಲೆ ಎರಡು ಮಿದುಳು ತೋರಿಸಿದ. ಒಂದು ಬೂದಿ ಬಣ್ಣದ್ದು. ಇನ್ನೊಂದರ ತುಂಬ ಕೆಂಪು ಹಳದಿ ಕಲೆಗಳು. "ಇದು ಸಾಮಾನ್ಯ ಕ್ಲಾಸ್‌ರೂಮಿನ ಮಗುವಿನ ಬ್ರೇನ್. ಇದು ನಮ್ಮ ಸೊಲ್ಯೂಷನ್ ಬಳಸಿದ ಮಗುವಿನ ಬ್ರೇನ್."

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: "ಕೆಂಪು ಜಾಸ್ತಿ ಆದ್ರೆ ಒಳ್ಳೇದಾ ಸರ್?"

"ಅದು ಎಂಗೇಜ್‌ಮೆಂಟ್ ಸರ್."

ಸಭೆ ಒಟ್ಟಿಗೆ ತಲೆದೂಗಿತು. ನನ್ನ ಪಕ್ಕದಲ್ಲಿದ್ದ ಸಾಫ್ಟ್‌ವೇರಿನ ಯುವಕ ಎಲ್ಲರಿಗಿಂತ ಒಂದು ಸಲ ಹೆಚ್ಚಿಗೆ ದೂಗಿದ. ಪ್ರಿನ್ಸಿಪಾಲ್ ಮೇಡಂ ಮುಗುಳ್ನಕ್ಕರು.

ಕೆಂಪು ಕಲೆಯ ವಿಷಯದಲ್ಲಿ ಒಂದು ಮೀನಿನ ಪುರಾಣವಿದೆ. 2009ರಲ್ಲಿ ಕ್ರೇಗ್ ಬೆನೆಟ್ ಎಂಬ ಸಂಶೋಧಕರೂ ಅವರ ಜೊತೆಗಾರರೂ ಒಂದು ಸಾಲ್ಮನ್ ಮೀನನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಮನುಷ್ಯರ ಫೋಟೋಗಳನ್ನು ತೋರಿಸಿ, ಇವರಿಗೆ ಈಗ ಏನನ್ನಿಸುತ್ತಿರಬಹುದು ಎಂದು ವಿಧಿವತ್ತಾಗಿ ಕೇಳಿದರು. ಲೆಕ್ಕಾಚಾರದಲ್ಲಿ ಮಾಡಬೇಕಾದ ತಿದ್ದುಪಡಿ ಮಾಡದೆ ನೋಡಿದರೆ ಮೀನಿನ ತಲೆಯಲ್ಲೂ ಕಲೆ ಹೊತ್ತಿಕೊಂಡಿತ್ತು. ಮೀನು ಸತ್ತಿತ್ತು. ತಿದ್ದುಪಡಿ ಮಾಡದೆ ಚಿತ್ರ ನಂಬಬೇಡಿ ಎಂದು ತಮ್ಮದೇ ವೃತ್ತಿಯವರಿಗೆ ತಿಳಿಹೇಳಲು ಅವರು ಮಾಡಿದ ಪ್ರಯೋಗ ಅದು. 2012ರಲ್ಲಿ ಅದಕ್ಕೆ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಬಂತು. ನಮ್ಮ ಟೈ ಹುಡುಗನ ಭಾಷೆಯಲ್ಲಿ ಹೇಳುವುದಾದರೆ ಸತ್ತ ಮೀನಿಗೂ ಎಂಗೇಜ್‌ಮೆಂಟ್ ಚೆನ್ನಾಗಿತ್ತು.

ಹುಡುಗನನ್ನು ಬೈದು ಪ್ರಯೋಜನವಿಲ್ಲ. ಜನರ ಈ ದೌರ್ಬಲ್ಯವನ್ನೇ ಅಳೆದವರಿದ್ದಾರೆ. 2008ರಲ್ಲಿ ಯೇಲ್‌ನಲ್ಲಿದ್ದ ಡೀನಾ ವೈಸ್‌ಬರ್ಗ್ ಮತ್ತು ಸಂಗಡಿಗರು ಕೆಲವು ಒಳ್ಳೆಯ ವಿವರಣೆ, ಕೆಲವು ಪೊಳ್ಳು ವಿವರಣೆ ಕೊಟ್ಟು ಜನರ ಅಭಿಪ್ರಾಯ ಕೇಳಿದರು. ಪೊಳ್ಳಿನ ಜೊತೆಗೆ 'ಮಿದುಳಿನ ಸ್ಕ್ಯಾನ್ ತೋರಿಸುವಂತೆ' ಎಂಬರ್ಥದ, ವಿಷಯಕ್ಕೆ ಸಂಬಂಧವೇ ಇಲ್ಲದ ಒಂದು ಮಾತು ಸೇರಿಸಿದರೆ ಸಾಕು, ಅದು ಹೆಚ್ಚು ಒಪ್ಪಿಗೆಯಾಗುತ್ತಿತ್ತು. ಮಿದುಳಿನ ಬಗ್ಗೆ ಒಂದು ಕೋರ್ಸ್ ಓದುತ್ತಿದ್ದ ವಿದ್ಯಾರ್ಥಿಗಳೂ ಮೋಸಹೋದರು. ಪೋಷಕರ ಸಭೆಗಳಿಗೆ ಇಷ್ಟು ಉಪಯುಕ್ತವಾದ ಸಂಶೋಧನೆ ಇನ್ನೊಂದಿಲ್ಲ, ಕಂಪನಿಗಳು ಓದಿಕೊಂಡಿರುವುದೂ ಇದೊಂದನ್ನೇ ಇರಬೇಕು.

ಸಮೋಸ ಮುಗಿಯುವಷ್ಟರಲ್ಲಿ ಒಂದು ಫಾರ್ಮ್ ಬಂತು. ನಿಮ್ಮ ಮಗು ನೋಡಿ ಕಲಿಯುವುದೋ, ಕೇಳಿ ಕಲಿಯುವುದೋ, ಮಾಡಿ ಕಲಿಯುವುದೋ? ಒಂದಕ್ಕೆ ಟಿಕ್ ಹಾಕಬೇಕು. ಸಾಫ್ಟ್‌ವೇರು ಅದರಂತೆ ಪಾಠ ಬೆರೆಸುತ್ತದೆ. ನಮ್ಮ ಹುಡುಗ ಕೂತಲ್ಲಿ ಕೂರುವವನಲ್ಲವಾದ್ದರಿಂದ ಅವನನ್ನು ಆಗಲೇ 'ಕೈನೆಸ್ಥೆಟಿಕ್ ಲರ್ನರ್' ಎಂದು ಗುರುತಿಸಿದ್ದರು. ನಮ್ಮ ಕಾಲದಲ್ಲಿ ಇಂಥವನ ಬಗ್ಗೆ ಮೇಷ್ಟ್ರು ಮನೆಗೆ ಹೇಳಿಕಳಿಸುತ್ತಿದ್ದರು. ಈಗ ಪ್ರಮಾಣಪತ್ರ ಕಳಿಸುತ್ತಾರೆ, ಅಷ್ಟರಮಟ್ಟಿಗೆ ಮಗುವಿಗೆ ಲಾಭವೇ. ಆದರೆ ಹಾಗೆ ಮಕ್ಕಳನ್ನು ವಿಂಗಡಿಸಿ ಅವರವರ 'ಶೈಲಿ'ಗೆ ತಕ್ಕಂತೆ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಎಂಬುದಕ್ಕೆ ತಕ್ಕ ಆಧಾರವೇ ಇಲ್ಲ ಎಂದು ಹೆರಾಲ್ಡ್ ಪ್ಯಾಶ್ಲರ್ ಮುಂತಾದ ನಾಲ್ವರು ಮನೋವಿಜ್ಞಾನಿಗಳು 2008ರಲ್ಲೇ ಎಲ್ಲ ಅಧ್ಯಯನ ಜಾಲಾಡಿ ಬರೆದಾಗಿದೆ. ಭೂಪಟವನ್ನು ಎಲ್ಲರೂ ನೋಡಿಯೇ ಕಲಿಯಬೇಕು. ಬೇಂದ್ರೆಯವರ ಲಯವನ್ನು ಎಲ್ಲರೂ ಕೇಳಿಯೇ ಕಲಿಯಬೇಕು. 2012ರಲ್ಲಿ ಬ್ರಿಟನ್ ಮತ್ತು ನೆದರ್ಲೆಂಡ್ಸ್‌ನ 242 ಶಿಕ್ಷಕರನ್ನು ಕೇಳಿದಾಗ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಈ ಶೈಲಿಯ ಕಥೆಯನ್ನು ನಂಬಿದ್ದರು ಎಂಬುದನ್ನೂ ಹೇಳಿಬಿಡುತ್ತೇನೆ. ಮೂಢನಂಬಿಕೆಯಲ್ಲಿ ನಾವು ಒಂಟಿಯಲ್ಲ.

ನಮ್ಮಲ್ಲಿ ಅದು ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ, ಅಷ್ಟೆ. ಬೆರಳ ತುದಿಯ ಗೆರೆ ನೋಡಿ ಮಗುವಿಗೆ ಯಾವ ಬುದ್ಧಿ ಎಷ್ಟು ಶೇಕಡಾ ಎಂದು ಹೇಳುವ 'ಡಿಎಂಐಟಿ' ಎಂಬ ಪರೀಕ್ಷೆಯಿದೆ. ಹಸ್ತಸಾಮುದ್ರಿಕೆಗೆ ಸ್ಕ್ಯಾನರ್ ಸಿಕ್ಕಿದೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಪುಸ್ತಕ ಓದಿಸುವ 'ಮಿಡ್‌ಬ್ರೇನ್ ಆ್ಯಕ್ಟಿವೇಷನ್' ಸಾವಿರಾರು ರೂಪಾಯಿ ಫೀಸಿನಲ್ಲಿ ಊರೂರು ತಿರುಗಿತು. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅದರ ಹಿಂದೆ ಬಿದ್ದು, ಮೂಗಿನ ಪಕ್ಕದ ಸಂದಿನಲ್ಲಿ ಇಣುಕುವುದೇ ಗುಟ್ಟು ಎಂದು ಬಯಲು ಮಾಡಿದರು. ಮಿಡ್‌ಬ್ರೇನ್ ಎಂಬುದು ತಲೆಯೊಳಗೆ ನಿಜವಾಗಿಯೂ ಇದೆ, ಕಣ್ಣುಗುಡ್ಡೆ ತಿರುಗಿಸುವ ಕೆಲಸದಲ್ಲಿ ಅದರ ಪಾಲೂ ಇದೆ. ಆ ಲೆಕ್ಕದಲ್ಲಿ ಸಂದಿನಲ್ಲಿ ಇಣುಕಿದ ಮಕ್ಕಳು ಅದನ್ನು ಸರಿಯಾಗಿಯೇ ಆ್ಯಕ್ಟಿವೇಟ್ ಮಾಡಿದ್ದರು.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಬಸ್ಕಿ. ಮಗ್ಗಿ ಬರದಿದ್ದರೆ ಕಿವಿ ಹಿಡಿದು ಬಸ್ಕಿ ಹೊಡೆದ ತಲೆಮಾರು ನಮ್ಮದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ, ಮೇಷ್ಟ್ರು ಇಂದು ಬಸ್ಕಿ ಹೊಡೆಸಿದರೆ ನೋಟಿಸ್ ಬರುತ್ತದೆ. ಆದರೆ ಫಿಲಿಪೀನ್ಸ್‌ನ ಪ್ರಾಣಿಕ್ ಹೀಲಿಂಗ್ ಗುರುವೊಬ್ಬರು ಅದಕ್ಕೆ 'ಸೂಪರ್ ಬ್ರೇನ್ ಯೋಗ' ಎಂದು ಹೆಸರಿಟ್ಟು ಪುಸ್ತಕ ಬರೆದರು. ಎಡಗೈಯಲ್ಲಿ ಬಲಗಿವಿ, ಬಲಗೈಯಲ್ಲಿ ಎಡಗಿವಿ, ಉಸಿರು ಒಳಗೆ, ಉಸಿರು ಹೊರಗೆ. ಕಿವಿಯ ಹಾಲೆ ಒತ್ತಿದರೆ ಮಿದುಳಿನ ಎರಡೂ ಅರ್ಧಗಳಿಗೆ ಶಕ್ತಿ ಏರುತ್ತದಂತೆ. 2019ರಲ್ಲಿ ಹರಿಯಾಣದ ಶಾಲಾ ಶಿಕ್ಷಣ ಮಂಡಳಿ ಭಿವಾನಿಯಲ್ಲಿ ಇದನ್ನು ಪ್ರಯೋಗಕ್ಕೇ ಇಳಿಸಿತು. ಅಳಿಯ ಅಲ್ಲ, ಮಗಳ ಗಂಡ. ಹೊಡೆಸಿದರೆ ಅಪರಾಧ, ಹೇಳಿಕೊಟ್ಟರೆ ವರ್ಕ್‌ಶಾಪು. ನಮ್ಮ ಶಾಲೆಯ ಬಿಲ್ಲಿನಲ್ಲಿ ಅದು 'ಬ್ರೇನ್ ಫಿಟ್‌ನೆಸ್' ಎಂಬ ಹೆಸರಿನಲ್ಲಿ ಟರ್ಮ್ ಫೀಸಿನ ಜೊತೆ ಪ್ರತ್ಯೇಕವಾಗಿ ಬರುತ್ತದೆ. ಲೆಕ್ಕ ಹಾಕಿದರೆ ನಾನು ಪ್ರೈಮರಿಯಲ್ಲಿ ಹೊಡೆದಿರುವ ಬಸ್ಕಿಗೆ ಇಂದಿನ ದರದಲ್ಲಿ ಒಂದು ಸೈಟು ಬರಬೇಕಿತ್ತು.

ಇನ್ನು ಬ್ಲೆಂಡೆಡ್. ಅರ್ಧ ಪರದೆ, ಅರ್ಧ ಮೇಡಂ. ಈ ಬೆರಕೆ ನಮ್ಮ ರಾಜ್ಯಕ್ಕೆ ಬಂದದ್ದು ಬ್ರೋಷರಿನ ಮೂಲಕ ಅಲ್ಲ, ಕೊರೋನಾ ಮೂಲಕ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಸರ್ಕಾರ 'ವಿದ್ಯಾಗಮ' ತಂದಿತು. ಶಿಕ್ಷಕರು ದೇವಸ್ಥಾನದ ಕಟ್ಟೆ, ಅರಳಿಮರ, ಸಮುದಾಯ ಭವನ ಎಲ್ಲೆಲ್ಲಿ ಜಾಗ ಸಿಕ್ಕಿತೋ ಅಲ್ಲಲ್ಲಿ ಪಾಠ ಮಾಡಿದರು, ಚಂದನ ವಾಹಿನಿಯಲ್ಲಿ 'ಸಂವೇದ' ಬಂತು. ಆಗ ಮಕ್ಕಳನ್ನು ಮೂರು ಗುಂಪು ಮಾಡಿದರು: ಮನೆಯಲ್ಲಿ ಇಂಟರ್ನೆಟ್ ಇರುವ ಫೋನ್ ಉಳ್ಳವರು, ಬರೀ ಫೋನ್ ಉಳ್ಳವರು, ಏನೂ ಇಲ್ಲದವರು. ಇಷ್ಟು ವರ್ಷದ ಕಲಿಕಾ ಶೈಲಿಗಳ ಗದ್ದಲದಲ್ಲಿ ನಾನು ಕಂಡ ಏಕೈಕ ಪ್ರಾಮಾಣಿಕ ವಿಂಗಡಣೆ ಇದು. ಮಗು ನೋಡಿ ಕಲಿಯುತ್ತದೋ ಕೇಳಿ ಕಲಿಯುತ್ತದೋ ಎಂಬುದನ್ನು ಮಿದುಳು ನಿರ್ಧರಿಸಲಿಲ್ಲ, ಅಪ್ಪನ ಡೇಟಾ ಪ್ಯಾಕು ನಿರ್ಧರಿಸಿತು.

ಅದೇ ವರ್ಷ ಜಾಹೀರಾತುಗಳಲ್ಲಿ ವುಲ್ಫ್ ಗುಪ್ತಾ ಎಂಬ ಬಾಲಕ ಅವತರಿಸಿದ. ಕೋಡಿಂಗ್ ಕಲಿತು ಕೋಟಿ ಸಂಬಳಕ್ಕೆ ಗೂಗಲ್ ಸೇರಿದ್ದನಂತೆ. ಒಂದೊಂದು ಜಾಹೀರಾತಿನಲ್ಲಿ ಒಂದೊಂದು ವಯಸ್ಸು. ಮಿದುಳು ಅಷ್ಟು ವೇಗವಾಗಿ ಬೆಳೆಯುತ್ತಿರುವಾಗ ವಯಸ್ಸು ಒಂದೇ ಕಡೆ ನಿಲ್ಲುವುದಾದರೂ ಹೇಗೆ? ಅಂಥ ಹುಡುಗ ಇರಲೇ ಇಲ್ಲ. ಜಾಹೀರಾತು ಕೆಳಗಿಳಿಯಿತು. ವೈಟ್‌ಹ್ಯಾಟ್ ಜೂನಿಯರ್ ಎಂಬ ಆ ಕಂಪನಿಯನ್ನು 30 ಕೋಟಿ ಡಾಲರ್‌ಗೆ ಕೊಂಡಿದ್ದ ಬೆಂಗಳೂರಿನ ಬೈಜೂಸ್‌ನ ಮೌಲ್ಯ 2022ರಲ್ಲಿ 2,200 ಕೋಟಿ ಡಾಲರ್ ಮುಟ್ಟಿತ್ತು. 2024ರ ಜುಲೈನಲ್ಲಿ, ಕ್ರಿಕೆಟ್ ಮಂಡಳಿಗೆ ಕೊಡಬೇಕಿದ್ದ 158 ಕೋಟಿ ರೂಪಾಯಿ ಬಾಕಿಯ ಮೇಲೆ ಅದು ದಿವಾಳಿ ಪ್ರಕ್ರಿಯೆಗೆ ಹೋಯಿತು. ಮಕ್ಕಳಿಗೆ ಲೆಕ್ಕ ಕಲಿಸುವ ಆ್ಯಪ್.

ಪರದೆಯಿಂದ ಮಕ್ಕಳು ಕಲಿಯುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಹೃದಯದ ಕವಾಟ ತೆರೆದು ಮುಚ್ಚುವುದನ್ನು ಸೀಮೆಸುಣ್ಣದಲ್ಲಿ ಎಷ್ಟು ಚೆನ್ನಾಗಿ ಬರೆದರೂ ಅದು ಮಿಡಿಯುವುದಿಲ್ಲ, ವಿಡಿಯೋದಲ್ಲಿ ಮಿಡಿಯುತ್ತದೆ. ಅದನ್ನು ಅರ್ಧಕ್ಕೆ ನಿಲ್ಲಿಸಿ "ಈಗ ರಕ್ತ ಎಲ್ಲಿಗೆ ಹೋಗುತ್ತೆ ಹೇಳು" ಎಂದು ಕೇಳುವವರು ಬೇಕು, ಅಷ್ಟೆ. ಹೆನ್ರಿ ರೋಡಿಗರ್, ಜೆಫ್ರಿ ಕಾರ್ಪಿಕಿ ಎಂಬಿಬ್ಬರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ಹೇಳುತ್ತದೆ. ಒಂದು ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿನಿಂದ ಹೊರತೆಗೆಯಲು ತಿಣುಕಿದವರು ವಾರದ ನಂತರ ಮುಂದಿದ್ದರು. ನಮ್ಮ ಪೋಷಕರ ಸಭೆ ಐದು ನಿಮಿಷದ ನಂತರದ ಫಲಿತಾಂಶವನ್ನಷ್ಟೇ ನೋಡುತ್ತದೆ.

ಬಾಯಿಪಾಠ ಮಾಡಿಸುತ್ತಿದ್ದ ನಮ್ಮ ಪೂರ್ವಿಕರಿಗೆ ಇದೆಲ್ಲ ಗೊತ್ತಿತ್ತು ಎಂದು ಎದೆಯುಬ್ಬಿಸುವವರಿಗೆ ಒಂದು ಮಾತು. ಅವರಿಗೆ ಬೆತ್ತವೂ ಗೊತ್ತಿತ್ತು. ಸಂಶೋಧಕರು ಕೇಳುತ್ತಿರುವುದು ಅಂಕವಿಲ್ಲದ, ಹೆದರಿಕೆಯಿಲ್ಲದ, ಆಗಾಗ ಬರುವ ಸಣ್ಣ ಪ್ರಶ್ನೆ. ನಮ್ಮ ಸರ್ಕಾರಕ್ಕೆ ಆ ವಾಕ್ಯದಲ್ಲಿ ಕೇಳಿಸಿದ್ದು 'ಪರೀಕ್ಷೆ' ಒಂದೇ. ಐದನೇ ತರಗತಿಯ ಮಗುವಿಗೂ ಬೋರ್ಡ್ ಪರೀಕ್ಷೆ ಬಂತು. ಅದು ಹೈಕೋರ್ಟಿನ ಒಂದು ಪೀಠದಿಂದ ಇನ್ನೊಂದು ಪೀಠಕ್ಕೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಏಪ್ರಿಲ್‌ನಲ್ಲಿ ಮಕ್ಕಳು ಬರೆದು ಮುಗಿಸಿದ್ದ ಪರೀಕ್ಷೆಯ ಫಲಿತಾಂಶಕ್ಕೆ ತಡೆ ಬಿತ್ತು. ಹತ್ತು ವರ್ಷದ ಮಗುವಿಗೆ ಭಿನ್ನರಾಶಿ ನೆನಪಿದೆಯೋ ಇಲ್ಲವೋ, 'ವಿಭಾಗೀಯ ಪೀಠ' ನೆನಪಿದೆ.

ಈಗ ಗುಂಪುಗೂಡಿ ಕಲಿಯುವುದಕ್ಕೆ ಬರೋಣ. ನಮ್ಮ ಹುಡುಗನ ಕ್ಲಾಸಿನಲ್ಲಿ ಬೆಂಚು ತೆಗೆದು ಗೋಡಂಬಿ ಆಕಾರದ ಮೇಜು ಹಾಕಿದ್ದಾರೆ, ಒಂದೊಂದಕ್ಕೆ ಎಂಟು ಮಕ್ಕಳು. ಅದರ ಹೆಸರು 'ಕೊಲಾಬೊರೇಟಿವ್ ಪಾಡ್'. ಮಕ್ಕಳು ಮುಖಾಮುಖಿ ಕೂತರೆ ಮಿದುಳುಗಳು ಪರಸ್ಪರ ಸಿಂಕ್ ಆಗುತ್ತವೆ ಎಂದು ಟೈ ಹುಡುಗ ವಿವರಿಸಿದ್ದ. ಸಿಂಕ್ ಆದ ಎಂಟು ಮಿದುಳು ಸೇರಿ ಜ್ವಾಲಾಮುಖಿಯ ಮಾಡೆಲ್ ಮಾಡುವುದನ್ನು ನಾನು ನಮ್ಮ ಮನೆಯ ವರಾಂಡದಲ್ಲೇ ನೋಡಿದೆ. ಒಬ್ಬಳು ಥರ್ಮಕೋಲ್ ಕತ್ತರಿಸಿ, ಪೇಪರ್ ನೆನೆಸಿ, ಗೋಂದು ಹಚ್ಚಿ, ಬೆಟ್ಟ ಕಟ್ಟುತ್ತಿದ್ದಳು. ಇನ್ನೊಬ್ಬ ಅವಳು ಹಚ್ಚಿದ ಗೋಂದು ಬೆರಳಿಗೆ ಬಳಿದುಕೊಂಡು ಒಣಗಿದ ಮೇಲೆ ಚರ್ಮದ ಹಾಗೆ ಸುಲಿಯುತ್ತಿದ್ದ. ಮೂವರು ಮೊಬೈಲಿನಲ್ಲಿ ಜ್ವಾಲಾಮುಖಿ ಹುಡುಕಲು ಹೋಗಿ ಡೈನೋಸಾರ್ ತನಕ ತಲುಪಿದ್ದರು. ಒಬ್ಬನಿಗೆ ಚಾರ್ಟಿನ ಮೇಲೆ ಎಂಟೂ ಹೆಸರು ಬರೆಯುವ ಹೊಣೆ, ತನ್ನದನ್ನು ಮೊದಲು ಬರೆದು ಉಳಿದದ್ದಕ್ಕೆ ಜಾಗ ಸಾಲದೆ ಅಳುತ್ತಿದ್ದ. ಒಬ್ಬ ಬಂದಿರಲೇ ಇಲ್ಲ. ನಮ್ಮವನು ಲೀಡರ್. ವಿನೆಗರ್ ಬಾಟಲಿ ಹಿಡಿದು "ಈಗ ಹಾಕ್ಲಾ? ಈಗ ಹಾಕ್ಲಾ?" ಎನ್ನುತ್ತಿದ್ದ. ರಾತ್ರಿ ಹತ್ತಕ್ಕೆ ಎಲ್ಲರೂ ಹೋದ ಮೇಲೆ ಅವನಮ್ಮ ಲ್ಯಾಪ್‌ಟಾಪ್ ಮುಚ್ಚಿ ಬಂದು ಬೆಟ್ಟಕ್ಕೆ ಬಣ್ಣ ಹಚ್ಚಿದಳು. ಎಂಟೂ ಮಕ್ಕಳಿಗೆ 'ಎ ಪ್ಲಸ್' ಬಂತು, ಸಹಕಾರ ಮನೋಭಾವಕ್ಕೆ ಸ್ಟಾರ್ ಬೇರೆ.

ಹತ್ತು ಜನ ಸೇರಿದ ಕಡೆ ಹಾವು ಸಾಯುವುದಿಲ್ಲ ಎನ್ನುತ್ತಾರಲ್ಲ, ಅದನ್ನು ಮ್ಯಾಕ್ಸ್ ರಿಂಗಲ್‌ಮನ್ ಎಂಬ ಫ್ರೆಂಚ್ ಕೃಷಿ ಎಂಜಿನಿಯರ್ ಹಗ್ಗ ಹಿಡಿಸಿ ಅಳೆದಿದ್ದರು, 1913ರಲ್ಲಿ ಪ್ರಕಟಿಸಿದರು. ಒಬ್ಬೊಬ್ಬನೇ ಎಳೆದಾಗ ಹಾಕುವ ಬಲದ ಅರ್ಧದಷ್ಟನ್ನು ಮಾತ್ರ, ಎಂಟು ಜನ ಸೇರಿ ಎಳೆದಾಗ ಒಬ್ಬೊಬ್ಬ ಹಾಕುತ್ತಾನೆ. ನಮ್ಮ ಪಾಡಿನಲ್ಲೂ ಎಂಟೇ ಜನ. ಮೇಜಿನ ಅಳತೆ ಕೊಟ್ಟವರು ರಿಂಗಲ್‌ಮನ್‌ರನ್ನು ಓದಿಯೇ ಕೊಟ್ಟಿರಬೇಕು.

ಗುಂಪಿನ ಕಲಿಕೆ ಸುಳ್ಳೇ? ಅಲ್ಲ. ಎಲಿಯಟ್ ಆ್ಯರನ್ಸನ್ 1971ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಒಂದು ದಾರಿ ಕಂಡುಕೊಂಡರು. ಕರಿಯ, ಬಿಳಿಯ, ಮೆಕ್ಸಿಕನ್ ಮೂಲದ ಮಕ್ಕಳನ್ನು ಒಂದೇ ಶಾಲೆಗೆ ಸೇರಿಸಿದ ಹೊಸತರಲ್ಲಿ ಅಲ್ಲಿ ಹೊಡೆದಾಟವೇ ನಡೆಯುತ್ತಿತ್ತು. ಅವರು ಪಾಠವನ್ನು ತುಂಡು ಮಾಡಿ ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟರು. ನನ್ನ ತುಂಡು ನಿನಗೆ ಬೇಕು, ನಿನ್ನದು ನನಗೆ ಬೇಕು. ಇಷ್ಟವಿರಲಿ ಬಿಡಲಿ, ನೀನು ಹೇಳಿದ್ದನ್ನು ನಾನು ಕೇಳಲೇಬೇಕು. ಅಲ್ಲಿ ಗೋಂದು ಸುಲಿಯುತ್ತ ಕೂರುವ ಹಾಗಿಲ್ಲ. ಈ ವಿಧಾನಕ್ಕೆ ಬೇಕಾದ ಉಪಕರಣ: ಒಂದು ಕತ್ತರಿ.

ಅಷ್ಟು ದೂರ ಹೋಗುವುದೂ ಬೇಡ. ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಸರ್ಕಾರಿ ಶಿಕ್ಷಕರು ಆಂಧ್ರದ ಋಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, 1995ರಲ್ಲಿ ಯೂನಿಸೆಫ್ ನೆರವಿನೊಂದಿಗೆ 'ನಲಿ-ಕಲಿ' ಶುರುಮಾಡಿದರು. ಆಮೇಲೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಚಿಕ್ಕ ತರಗತಿಗಳಿಗೆಲ್ಲ ಬಂತು. ಆ ಕೋಣೆಯೊಳಗೆ ಹೋಗಿ ನೋಡಿ. ಮಕ್ಕಳ ಎತ್ತರಕ್ಕೆ ಗೋಡೆಯುದ್ದಕ್ಕೂ ಕಪ್ಪು ಬಣ್ಣ, ಮೇಲೆ ದಾರ ಕಟ್ಟಿದ ಚಪ್ಪರ, ಅದರ ತುಂಬ ಮಕ್ಕಳು ಬಿಡಿಸಿದ ಚಿತ್ರ. ಒಂದು ಪಕ್ಕದಲ್ಲಿ ಕಲಿಕೆಯ ಏಣಿ. ಮಗು ತಾನೆಲ್ಲಿದ್ದೇನೆ ಎಂದು ಏಣಿಯಲ್ಲಿ ನೋಡಿಕೊಂಡು, ಗುರುತಿನ ಚಿತ್ರ ಹುಡುಕಿ, ತನ್ನ ಕಾರ್ಡು ತಾನೇ ತೆಗೆದುಕೊಂಡು, ತನ್ನ ತಟ್ಟೆಗೆ ಹೋಗಿ ಕೂರುತ್ತದೆ. ತಟ್ಟೆ ಎಂದರೆ ಗುಂಪು, ಐದು. ಮೊದಲನೆಯದಕ್ಕೆ ಮೇಡಂ ಪೂರ್ತಿ ಬೇಕು, ಎರಡನೆಯದಕ್ಕೆ ಅರ್ಧ ಸಾಕು. ಮೂರು ನಾಲ್ಕರಲ್ಲಿ ಗೆಳೆಯರೇ ಮೇಡಂ. ಐದನೆಯದರಲ್ಲಿ ತಾನೇ. ನಿನ್ನೆ ಮೂರರಲ್ಲಿ ಕೂತು ಕೇಳಿಸಿಕೊಂಡವಳು ಇಂದು ಪಕ್ಕದವನಿಗೆ "ಅದಲ್ಲ ಕಣೋ, ಒತ್ತು ಕೆಳಗೆ ಬರ್ಬೇಕು" ಎಂದು ಗದರುತ್ತಿರುತ್ತಾಳೆ. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ಒಬ್ಬೊಬ್ಬರದು ಒಂದೊಂದು ವೇಗ. ನಮ್ಮ ಟೈ ಹುಡುಗ ಲಕ್ಷಗಟ್ಟಲೆಗೆ ಮಾರಲು ಬಂದಿದ್ದ 'ಪರ್ಸನಲೈಸ್ಡ್ ಲರ್ನಿಂಗ್ ಪಾತ್' ಇದೇ. ಇಲ್ಲಿ ಅದು ರಟ್ಟಿನದು.

"ಅಲ್ಲಿ ಬರೀ ಆಟ, ಹಾಡು ಸಾರ್, ಓದೇ ಇಲ್ಲ" ಎಂದು ಅಪ್ಪಂದಿರು ಮಗುವನ್ನು ಅಲ್ಲಿಂದ ಬಿಡಿಸಿ, ಸಾಲ ಮಾಡಿ ಇಂಗ್ಲಿಷ್ ಮೀಡಿಯಮ್ಮಿಗೆ ಹಾಕುತ್ತಾರೆ. ಅದೇ ಆಟ ಹಾಡನ್ನು 'ಎಕ್ಸ್‌ಪೀರಿಯೆನ್ಶಿಯಲ್' ಎಂದು ಮೇಲ್ದರ್ಜೆಯ ಶಾಲೆಯವರು ಅದಕ್ಕಿಂತ ದೊಡ್ಡ ಸಾಲಕ್ಕೆ ಮಾರುತ್ತಾರೆ. ನಡುವಿನವರಿಗೆ ಮಾತ್ರ ಬೆಂಚು, ಡಿಕ್ಟೇಷನ್ನು.

ನಲಿ-ಕಲಿಯನ್ನು ಹೊಗಳಿ ಸುಮ್ಮನಾಗುವ ಹಾಗೂ ಇಲ್ಲ. ಮನುಷ್ಯನ ತಲೆ ಒಂದು ಹೊತ್ತಿಗೆ ನಾಲ್ಕು ಸಂಗತಿಗಿಂತ ಹೆಚ್ಚು ಹಿಡಿದಿಟ್ಟುಕೊಳ್ಳಲು ಒದ್ದಾಡುತ್ತದೆ ಎಂದು ನೆಲ್ಸನ್ ಕೋವನ್ 2001ರಲ್ಲಿ ಲೆಕ್ಕ ಕೊಟ್ಟರು. ನಲಿ-ಕಲಿ ಮೇಡಂಗೆ ತಟ್ಟೆಯೇ ಐದು. ಅದರ ಮೇಲೆ ಹಾಲು, ಬಿಸಿಯೂಟ, ಶೂ ಅಳತೆ, ಮಕ್ಕಳ ವಿವರ ತುಂಬುವ ಸ್ಯಾಟ್ಸ್ ಎಂಟ್ರಿ, ಮತದಾರರ ಪಟ್ಟಿ, ಗಣತಿ. ಮಕ್ಕಳ 'ಕಾಗ್ನಿಟಿವ್ ಲೋಡ್' ಇಳಿಸುವುದು ಹೇಗೆಂಬ ತರಬೇತಿಗೆ ಅವರನ್ನು ಕರೆಸಿಕೊಳ್ಳುವ ದಿನ ಶಾಲೆಯಲ್ಲಿ ಮೇಡಮ್ಮೇ ಇರುವುದಿಲ್ಲವಾದ್ದರಿಂದ ಮಕ್ಕಳ ಲೋಡ್ ತಾನಾಗಿಯೇ ಸೊನ್ನೆಗಿಳಿಯುತ್ತದೆ.

ಕನ್ನಡ ಓದುವ ತಲೆಯ ಬಗ್ಗೆ ನಮ್ಮ ನೆಲದಲ್ಲೇ ಒಳ್ಳೆಯ ಕೆಲಸ ನಡೆದಿದೆ. ಸೋನಾಲಿ ನಾಗ್ ಕನ್ನಡ ಓದುವ ಮಕ್ಕಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಮೈಸೂರಿನ ಪ್ರಕಾಶ್ ಪಡಕಣ್ಣಾಯ ಕನ್ನಡ ಓದಿನ ಮೇಲೆ ವರ್ಷಗಟ್ಟಲೆ ದುಡಿದಿದ್ದಾರೆ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರ ಮುಗಿಸಿದ ಹಾಗೆ ನಮ್ಮ ಕಾಗುಣಿತ ಒತ್ತಕ್ಷರಗಳನ್ನು ಒಂದು ವರ್ಷದಲ್ಲಿ ಮುಗಿಸಲಾಗದು, ಅವು ಮಗುವಿನೊಳಗೆ ಗಟ್ಟಿಯಾಗಲು ನಾಲ್ಕನೇ ತರಗತಿಯ ಆಚೆಗೂ ಸಮಯ ಬೇಕಾಗುತ್ತದೆ ಎಂಬುದು ಅಲ್ಲಿ ಕಾಣುವ ಸಂಗತಿ. ಇದು ಗೊತ್ತಿದ್ದರೆ ಎಷ್ಟು ಮಕ್ಕಳಿಗೆ 'ದಡ್ಡ' ಎಂಬ ಬಿರುದು ತಪ್ಪುತ್ತಿತ್ತು. ಆದರೆ ನಮ್ಮ ಹುಡುಗನ ಆ್ಯಪ್‌ಗೆ ಅಷ್ಟು ತಾಳ್ಮೆಯಿಲ್ಲ. 'ಸ್ತ್ರೀ' ಎಂಬಲ್ಲಿ ಅವನು ತಡವರಿಸಿದ ತಕ್ಷಣ ಅಳುವ ಗೊಂಬೆ ತೋರಿಸುತ್ತದೆ. ಅವನು ಗೊಂಬೆ ಅಳುವುದನ್ನು ನೋಡಲೆಂದೇ ಈಗ ಬೇಕಂತಲೇ ತಪ್ಪು ಓದುತ್ತಾನೆ, ಅವನ ಮಿದುಳಿನ ಬಗ್ಗೆ ನನಗೆ ಭರವಸೆ ಮೂಡಿದ್ದು ಆಗಲೇ.

ನಿಜವಾದ ಮಿದುಳು ನೋಡಬೇಕೆಂದರೆ ನಿಮ್ಹಾನ್ಸ್‌ನಲ್ಲಿ ಸಂಗ್ರಹಾಲಯವೇ ಇದೆ, ಕೈಯಲ್ಲಿ ಹಿಡಿದೂ ನೋಡಬಹುದು. ನೀಲಿಯೂ ಇಲ್ಲ ಗುಲಾಬಿಯೂ ಇಲ್ಲ. ಶಾಲೆಯ ಫೀಲ್ಡ್ ಟ್ರಿಪ್ ವಾಟರ್ ಪಾರ್ಕಿಗೆ ಹೋಯಿತು.

ಈ ಮಿದುಳು ಕೇಳುವ ಮುಖ್ಯ ಸಾಮಾನುಗಳಲ್ಲಿ ಒಂದು ನಿದ್ದೆ. ಹದಿಹರೆಯದವರ ಒಳಗಡಿಯಾರ ತಡವಾಗಿ ಓಡುತ್ತದೆ, ಅವರ ಶಾಲೆ ಬೆಳಿಗ್ಗೆ ಎಂಟೂವರೆಗೆ ಮುಂಚೆ ಶುರುವಾಗಬಾರದು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ ಹೇಳಿತು. 2023ರಲ್ಲಿ ಬೆಂಗಳೂರಿನಲ್ಲೂ ಶಾಲೆಯ ವೇಳೆ ಬದಲಿಸುವ ಗಂಭೀರ ಚರ್ಚೆ ನಡೆಯಿತು. ಹೈಕೋರ್ಟ್ ಸಲಹೆಯಿತ್ತು, ಇಲಾಖೆ ಸಭೆ ಕರೆಯಿತು. ವಿಷಯ ನಿದ್ದೆಯಲ್ಲ, ಟ್ರಾಫಿಕ್ಕು. ವೇಳೆಯನ್ನು ಇನ್ನೂ ಬೇಗ ಮಾಡಿದರೆ ರಸ್ತೆ ಖಾಲಿಯಾದೀತೇ ಎಂಬ ಮಾತು. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಒಳಗಡಿಯಾರದ ಮುಂದೆ ಮಕ್ಕಳದು ಯಾವ ಲೆಕ್ಕ?

ಇನ್ನೊಂದು, ಊಟ. ಐದು ವರ್ಷದ ಮಗುವಿನ ದೇಹ ಬಳಸುವ ಒಟ್ಟು ಶಕ್ತಿಯಲ್ಲಿ ಹೆಚ್ಚುಕಡಿಮೆ ಶೇ 40ರಷ್ಟನ್ನು ಮಿದುಳೊಂದೇ ತಿನ್ನುತ್ತದೆ. ಮಿದುಳಿನ ಬೆಳವಣಿಗೆಯ ಶೇ 85ಕ್ಕೂ ಹೆಚ್ಚು ಆರು ವರ್ಷದೊಳಗೇ ಆಗುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬರೆದಿದೆ. ಪ್ಲೇಹೋಮುಗಳೆಲ್ಲ ಆ ಅಂಕಿಯನ್ನು ಗೋಡೆಗೆ ಬರೆಸಿವೆ. ಅದೇ ನೀತಿಗಾಗಿ 2022ರಲ್ಲಿ ನಮ್ಮ ರಾಜ್ಯದಲ್ಲಿ ಸಿದ್ಧವಾದ ಒಂದು ನಿಲುವು ಪತ್ರ, ಬಿಸಿಯೂಟದಲ್ಲಿ ಮೊಟ್ಟೆ ಮಾಂಸ ಕೊಟ್ಟರೆ ಮಕ್ಕಳಿಗೆ ಜೀವನಶೈಲಿಯ ಕಾಯಿಲೆ ಬರುತ್ತದೆ ಎಂದು ಚಿಂತೆಪಟ್ಟಿತು. ಶೈಲಿ ಇರಲಿ, ಮೊದಲು ಜೀವನ ಬೇಕಲ್ಲ ಎಂದು ಯಾದಗಿರಿಯ ತಾಯಂದಿರು ಕೇಳಿದ್ದರೆ ತಪ್ಪಿರಲಿಲ್ಲ. ಹೇಗೋ ಮೊಟ್ಟೆ ಉಳಿದುಕೊಂಡಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಕೈಜೋಡಿಸಿ ವಾರಕ್ಕೆ ಎರಡಿದ್ದದ್ದು ಆರಾಯಿತು. ಆಗ ಒಂದು ಮೊಟ್ಟೆಗೆ ಇಟ್ಟ ದರ 6 ರೂಪಾಯಿ: ಕೊಳ್ಳಲು 5 ರೂಪಾಯಿ 20 ಪೈಸೆ, ಬೇಯಿಸುವ ಗ್ಯಾಸಿಗೆ 50 ಪೈಸೆ, ಸಿಪ್ಪೆ ಸುಲಿಯಲು 30 ಪೈಸೆ. ರಾಜ್ಯದಲ್ಲಿ ಮಕ್ಕಳ ಮಿದುಳಿಗೆ ಇಷ್ಟು ಪಾರದರ್ಶಕವಾಗಿ ಬಿಲ್ಲು ಹಾಕಿದವರನ್ನು ನಾನು ಬೇರೆ ಕಂಡಿಲ್ಲ. ಅಂಗಡಿಯಲ್ಲಿ ಮೊಟ್ಟೆ 7 ರೂಪಾಯಿ ದಾಟಿದಾಗ ಹೆಚ್ಚಿನದನ್ನು ಹೆಡ್‌ಮಾಸ್ಟರು ಜೇಬಿನಿಂದ ತುಂಬಿದರು, ಅದಕ್ಕೆ ಬಿಲ್ಲಿರಲಿಲ್ಲ.

ತೊಂದರೆ ಇರುವುದೇ ಇಲ್ಲಿ. ನಿದ್ದೆ, ಮೊಟ್ಟೆ, ಪುಸ್ತಕ ಮುಚ್ಚಿ ಕೇಳುವ ಪ್ರಶ್ನೆ, ಕತ್ತರಿ, ರಟ್ಟಿನ ಕಾರ್ಡು. ಯಾವುದಕ್ಕೂ ವಾರ್ಷಿಕ ಸಬ್‌ಸ್ಕ್ರಿಪ್ಷನ್ ಇಲ್ಲ. ಕಮಿಷನ್ ಇಲ್ಲದ ವಿಜ್ಞಾನವನ್ನು ಶಾಲೆಯ ಗೇಟಿನವರೆಗೆ ಹೊತ್ತು ತರುವವರು ಯಾರು? ಹೀಗಾಗಿ ನಾನೇ ಒಂದು ಸ್ಟಾರ್ಟಪ್ ಮಾಡುವುದೆಂದು ನಿಶ್ಚಯಿಸಿ, ನಾಲ್ಕು ಹಾಳೆಯ ಪ್ರಸ್ತಾವ ಬರೆದು ಅದೇ ಶಾಲೆಗೆ ಹೋದೆ. ರಾತ್ರಿ ಒಂಬತ್ತಕ್ಕೆ ಮಲಗಿಸುವುದಕ್ಕೆ 'ನೈಟ್ ಕನ್ಸಾಲಿಡೇಷನ್ ಮಾಡ್ಯೂಲ್', ತಿಂಗಳಿಗೆ 4,999. ಹಾಸಿಗೆ ಪೋಷಕರದೇ. ಹೋದ ವಾರ ಏನು ಕಲಿತೆ ಎಂದು ಊಟದ ಹೊತ್ತಿನಲ್ಲಿ ಮನೆಯವರು ಕೇಳುವುದಕ್ಕೆ 'ಡಿನ್ನರ್ ರಿಟ್ರೀವಲ್ ಎಂಜಿನ್', ಅಜ್ಜಿ ಇರುವ ಮನೆಗೆ ಪ್ರೀಮಿಯಂ ದರ. ಬೇಯಿಸಿದ ಮೊಟ್ಟೆಗೆ 'ಓವಲ್ ಕಾಗ್ನಿಷನ್ ಪಾಡ್', ಸುಲಿಯುವ 30 ಪೈಸೆ ಇಲ್ಲಿ 300 ರೂಪಾಯಿಯ 'ಅನ್‌ಬಾಕ್ಸಿಂಗ್ ಶುಲ್ಕ'. ಜಿಎಸ್‌ಟಿ ಪ್ರತ್ಯೇಕ.

ಪ್ರಿನ್ಸಿಪಾಲ್ ಮೇಡಂ ಗಂಭೀರವಾಗಿ ಓದಿದರು. ದರ ನೋಡಿ ಅವರಿಗೆ ನಂಬಿಕೆ ಬಂದಂತಿತ್ತು.

"ಚೆನ್ನಾಗಿದೆ ಸರ್. ಆ್ಯಪ್ ಇದೆಯಾ?"

"ಮಾಡಿಸೋಣ ಮೇಡಂ."

"ಮತ್ತೆ ಈ ಮೊಟ್ಟೆ ಚಿತ್ರ ಬ್ರೋಷರ್‌ನಲ್ಲಿ ಬೇಡ. ನಮ್ಮ ಟ್ರಸ್ಟಿಗಳಿಗೆ ಆಗಿಬರಲ್ಲ." ಪೆನ್ನಿನಿಂದ ಅದರ ಮೇಲೆ ಗೆರೆ ಎಳೆದರು. "ಬದಲಿಗೆ ಅಕ್ರೋಟು ಹಾಕಿ ಸರ್. ನೋಡೋಕೂ ಬ್ರೇನ್ ಥರಾನೇ ಇದೆ."